ಓಡುವವರು ಇಬ್ಬರು, ಔಷಧಿ ಚೀಟಿಯೂ ಎರಡು: ದೃಷ್ಟಿದೋಷವಿರುವವರ ಅಥ್ಲೆಟಿಕ್ಸ್‌ನಲ್ಲಿ ಮನೆಯವರು ತಿಳಿದಿರಬೇಕಾದದ್ದು

ಸಯನ್ ಆಸ್ಪತ್ರೆಯ ಹೊರರೋಗಿ ವಿಭಾಗ ಮುಗಿಯುವ ಹೊತ್ತಿಗೆ ಹತ್ತಿರದ ಮೆಡಿಕಲ್‌ಗಳ ಮುಂದೆ ಸಾಲು ನಿಲ್ಲುತ್ತದೆ. 2025ರ ನವೆಂಬರ್‌ನಲ್ಲಿ ಅಂಥದೊಂದು ಮಧ್ಯಾಹ್ನ, ವಿಜಯಪುರ ಕಡೆಯ ಒಬ್ಬ ತಾಯಿ ಮಗನ ಚೀಟಿ ಹಿಡಿದು ನಮ್ಮ ಕೌಂಟರ್‌ಗೆ ಬಂದರು. ಚೀಟಿಯಲ್ಲಿ ಮೂರು ಔಷಧಿಗಳಿದ್ದವು: ಪ್ರೆಡ್ನಿಸೊಲೋನ್ ಕಣ್ಣಿನ ಹನಿ, ಟಿಮೊಲಾಲ್ ಕಣ್ಣಿನ ಹನಿ, ಅಸೆಟಜೋಲಮೈಡ್ ಮಾತ್ರೆ.

“ಮೊದಲಿಂದ ಒಂದ ಬಿಟ್ಟು ಉಳದದ್ದ ಕೊಡ್ರಿ ಅಕ್ಕಾರ” ಎಂದರು.

“ಅದ್ಯಾಕೆ ಬೇಡ ಅಕ್ಕ?”

“ಅದರಾಗ ಸ್ಟೆರಾಯ್ಡ್ ಐತಂತ್ರಿ. ಓಡಾವ್ರು ಸ್ಟೆರಾಯ್ಡ್ ತಗೊಂಡ್ರ ಹಿಡೀತಾರಂತ ಟಿವಿಯೊಳಗ ಬಂದಿತ್ತು. ನಮ್ಮ ಹುಡುಗ ಓಡ್ತಾನ್ರಿ. ನಾಕ ದಿನಾತು, ನಾ ಹಾಕೇ ಇಲ್ಲ.”

ಹುಡುಗನಿಗೆ 17 ವರ್ಷ. ಚಿಕ್ಕಂದಿನಿಂದ ಯುವಿಯೈಟಿಸ್, ಅಂದರೆ ಕಣ್ಣಿನ ಒಳಭಾಗದ ಉರಿಯೂತ. ಅದರ ಬೆನ್ನಿಗೇ ಗ್ಲುಕೋಮಾ ಬಂದು ನೋಟದ ವ್ಯಾಪ್ತಿ ಕೊಳವೆಯೊಳಗಿಂದ ನೋಡಿದಷ್ಟಕ್ಕೆ ಇಳಿದಿದೆ. ಉಳಿದ ಆ ನೋಟವನ್ನು ಕಾಯುತ್ತಿದ್ದ ಔಷಧಿಗಳಲ್ಲಿ ಒಂದನ್ನು ತಾಯಿ ಒಳ್ಳೆಯದಕ್ಕೆಂದೇ ನಿಲ್ಲಿಸಿದ್ದರು. ಓಟದ ನಿಯಮದ ಪ್ರಕಾರ ಆ ಹನಿಗೆ ಯಾವ ತಡೆಯೂ ಇಲ್ಲ. ಕಾಗದಪತ್ರ ಬೇಕಾಗುವುದು ಅವರು ಕೊಡುತ್ತಲೇ ಇದ್ದ ಮಾತ್ರೆಗೆ.

ನಿಮ್ಮ ಮನೆಯಲ್ಲೂ ದೃಷ್ಟಿದೋಷವಿರುವ ಯಾರಾದರೂ ಓಡುತ್ತಿದ್ದರೆ, ಅಥವಾ ಓಡುತ್ತೇನೆ ಎನ್ನುತ್ತಿದ್ದರೆ, ಈ ಲೇಖನ ನಿಮಗಾಗಿ. ಆ ತಾಯಿಯ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ಟಿವಿಯಲ್ಲಿ ಬಂದ ಸುದ್ದಿ ಯಾವುದು?

2025ರ ಸೆಪ್ಟೆಂಬರ್ 27ರಿಂದ ಅಕ್ಟೋಬರ್ 5ರವರೆಗೆ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು. ಈ ಕೂಟ ಭಾರತದಲ್ಲಿ ನಡೆದದ್ದು ಅದೇ ಮೊದಲು. ಭಾರತಕ್ಕೆ 22 ಪದಕಗಳು ಬಂದವು. ಅವುಗಳಲ್ಲಿ ಮಂದದೃಷ್ಟಿಯ ಓಟಗಾರ್ತಿ ಸಿಮ್ರನ್ ಶರ್ಮಾ ಟಿ12 ವಿಭಾಗದ 100 ಮೀಟರ್‌ನಲ್ಲಿ ಗೆದ್ದ ಚಿನ್ನವೂ ಇತ್ತು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ 200 ಮೀಟರ್‌ನಲ್ಲಿ ಕಂಚು ತಂದವರೂ ಇವರೇ.

ಕೂಟ ಮುಗಿದು ಕೆಲವೇ ವಾರಗಳಲ್ಲಿ, ಅವರ ಜತೆ ಓಡಿದ್ದ ಗೈಡ್ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು, ಮಾದರಿಯಲ್ಲಿ ಅನಬಾಲಿಕ್ ಸ್ಟೆರಾಯ್ಡ್ ಕಂಡುಬಂದಿದೆ ಎಂಬ ವರದಿ ಬಂತು. ಆರೋಪ ಓಟಗಾರ್ತಿಯ ಮೇಲೆ ಇರಲಿಲ್ಲ. ಹಾಗಿದ್ದೂ ಪದಕಗಳ ಪ್ರಶ್ನೆ ಎದ್ದದ್ದು ಆಕೆಯದು. ನಿಯಮ ಈ ಇಬ್ಬರನ್ನೂ ಒಂದೇ ತಂಡವಾಗಿ ನೋಡುವುದೇ ಇದಕ್ಕೆ ಕಾರಣ.

ಈ ಸುದ್ದಿಯಿಂದ ಮನೆಯವರು ತಿಳಿಯಬೇಕಾದ ಸಂಗತಿಗಳು ಎರಡು. ಒಂದು, ‘ಸ್ಟೆರಾಯ್ಡ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಔಷಧಿಗಳಿವೆ. ಇನ್ನೊಂದು, ಕಣ್ಣು ಕಾಣದವರ ಓಟ ಇಬ್ಬರ ಓಟ. ಹಾಗಾಗಿ ಆರೋಗ್ಯದ ಲೆಕ್ಕವನ್ನೂ ಇಬ್ಬರಿಗೂ ಇಡಬೇಕು.

ಒಂದೇ ಹೆಸರು, ಎರಡು ಔಷಧಿ

ನಾನು ಔಷಧಿ ಕೊಡುವುದರ ಜತೆಗೆ ರೋಗಿಗಳ ಮಾಹಿತಿ ಪತ್ರಗಳನ್ನು ಕನ್ನಡಕ್ಕೂ ತರುತ್ತೇನೆ. ಅಲ್ಲಿ ಎಡವುವ ಪದಗಳಲ್ಲಿ ಇದೂ ಒಂದು. ಕನ್ನಡದಲ್ಲಿ ಎಲ್ಲವೂ ‘ಸ್ಟೆರಾಯ್ಡ್’.

ಸ್ನಾಯು ಬೆಳೆಸಲು ಕೆಲವರು ಕದ್ದು ತೆಗೆದುಕೊಳ್ಳುವುದು ಅನಬಾಲಿಕ್ ಸ್ಟೆರಾಯ್ಡ್. ಅದು ಪುರುಷ ಹಾರ್ಮೋನಿನ ಜಾತಿಯದು. ಕ್ರೀಡೆಯಲ್ಲಿ ವರ್ಷವಿಡೀ ನಿಷಿದ್ಧ. ಕಣ್ಣಿನ ಉರಿಯೂತಕ್ಕೆ, ಆಸ್ತಮಾಕ್ಕೆ, ಚರ್ಮದ ಕಾಯಿಲೆಗೆ ವೈದ್ಯರು ಬರೆಯುವುದು ಕಾರ್ಟಿಕೊಸ್ಟೆರಾಯ್ಡ್. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್ ಎರಡೂ ಈ ಗುಂಪಿನವು. ಇವು ಉರಿಯೂತವನ್ನು ತಗ್ಗಿಸುತ್ತವೆ, ಸ್ನಾಯು ಬೆಳೆಸುವುದಿಲ್ಲ.

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ನಿಷೇಧಿತ ಔಷಧಿಗಳ ಪಟ್ಟಿ ಹೊರಡಿಸುತ್ತದೆ. ಪ್ರತಿವರ್ಷ ಜನವರಿ 1ರಿಂದ ಹೊಸ ಪಟ್ಟಿ ಜಾರಿಗೆ ಬರುತ್ತದೆ. ಕಣ್ಣಿನ ಚೀಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಔಷಧಿಗಳು ಆ ಪಟ್ಟಿಯಲ್ಲಿ ಎಲ್ಲಿ ನಿಲ್ಲುತ್ತವೆ ನೋಡಿ:

• ಕಾರ್ಟಿಕೊಸ್ಟೆರಾಯ್ಡ್ ಕಣ್ಣಿನ ಹನಿ ಅಥವಾ ಮುಲಾಮು: ನಿಷೇಧವಿಲ್ಲ. ಇದೇ ಔಷಧಿಯನ್ನು ಮಾತ್ರೆಯಾಗಿ ನುಂಗಿದರೆ ಅಥವಾ ಯಾವುದೇ ಬಗೆಯ ಇಂಜೆಕ್ಷನ್ ಆಗಿ ತೆಗೆದುಕೊಂಡರೆ, ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ.

• ಟಿಮೊಲಾಲ್ ಹನಿ: ಇದು ಬೀಟಾ ಬ್ಲಾಕರ್. ಅಥ್ಲೆಟಿಕ್ಸ್‌ನಲ್ಲಿ ನಿಷೇಧವಿಲ್ಲ. ಕೈ ನಡುಗದಂತೆ ಮಾಡುವ ಔಷಧಿಯಾದ್ದರಿಂದ ಬಿಲ್ಲುಗಾರಿಕೆ, ಶೂಟಿಂಗ್‌ನಂಥ ಕೆಲವು ಆಟಗಳಲ್ಲಿ ನಿಷಿದ್ಧ. ಮಗ ಓಟ ಬಿಟ್ಟು ಬಿಲ್ಲುಗಾರಿಕೆಗೆ ಹೋದರೆ ಲೆಕ್ಕ ಬದಲಾಗುತ್ತದೆ.

• ಡಾರ್ಜೊಲಮೈಡ್, ಬ್ರಿಂಜೊಲಮೈಡ್ ಹನಿಗಳು: ನಿಷೇಧವಿಲ್ಲ.

• ಅಸೆಟಜೋಲಮೈಡ್ ಮಾತ್ರೆ: ಮೂತ್ರ ಹೆಚ್ಚಿಸುವ ಗುಂಪಿನದು, ವರ್ಷವಿಡೀ ನಿಷಿದ್ಧ. ಅದು ಓಟದ ವೇಗವನ್ನೇನೂ ಹೆಚ್ಚಿಸುವುದಿಲ್ಲ. ಬೇರೆ ಮದ್ದುಗಳ ಕುರುಹನ್ನು ಮೂತ್ರದಲ್ಲಿ ತೆಳುವಾಗಿಸಿ ಮರೆಮಾಚಬಹುದು ಎಂಬ ಕಾರಣಕ್ಕೆ ಈ ನಿಷೇಧ.

• ಕಣ್ಣಿನ ಒತ್ತಡ ಒಮ್ಮೆಗೇ ಏರಿದಾಗ ರಕ್ತನಾಳಕ್ಕೆ ಕೊಡುವ ಮ್ಯಾನಿಟಾಲ್: ನಿಷಿದ್ಧ.

‘ನಿಷಿದ್ಧ’ ಎಂದರೆ ‘ನಿಲ್ಲಿಸಿ’ ಎಂದಲ್ಲ. ನಿಜವಾಗಿ ಅಗತ್ಯವಿರುವ ಔಷಧಿಗೆ ಚಿಕಿತ್ಸಾ ಬಳಕೆ ವಿನಾಯಿತಿ ಎಂಬ ದಾರಿಯಿದೆ. ಕ್ರೀಡಾ ವಲಯದಲ್ಲಿ ಇದನ್ನು ಟಿಯುಇ ಎನ್ನುತ್ತಾರೆ. ರಾಷ್ಟ್ರಮಟ್ಟದ ಕ್ರೀಡಾಪಟುಗಳು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಗೆ, ಅಂದರೆ ನಾಡಾಕ್ಕೆ, ಕಣ್ಣಿನ ವೈದ್ಯರ ವರದಿಯೊಂದಿಗೆ ಅರ್ಜಿ ಹಾಕುತ್ತಾರೆ. ಶಾಲೆಯ ವಾರ್ಷಿಕ ಕ್ರೀಡಾಕೂಟಕ್ಕೆ ಇದೆಲ್ಲ ಬೇಕಾಗುವುದಿಲ್ಲ. ಹುಡುಗ ರಾಜ್ಯಮಟ್ಟ ದಾಟುವ ಸೂಚನೆ ಕಂಡಾಗಲೇ ಚೀಟಿ, ತಪಾಸಣೆ ವರದಿ, ಹಳೆಯ ದಾಖಲೆಗಳನ್ನು ಒಂದು ಫೈಲಿನಲ್ಲಿ ಇಡಲು ಶುರುಮಾಡಿ. ಔಷಧಿಯ ಹೆಸರು ಹಾಕಿ ನೋಡಲು ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್ ಇದೆ.

ಆ ತಾಯಿಗೆ ಆ ದಿನ ಹೇಳಿದ್ದು ಇಷ್ಟು: ಸ್ಟೆರಾಯ್ಡ್ ಹನಿಯನ್ನು ಒಮ್ಮೆಲೇ ನಿಲ್ಲಿಸಿದರೆ ಉರಿಯೂತ ಮರುಕಳಿಸಬಹುದು. ಬಿಟ್ಟದ್ದನ್ನು ನಿಮ್ಮಷ್ಟಕ್ಕೆ ಮತ್ತೆ ಶುರುಮಾಡುವುದೂ ಬೇಡ, ಇವತ್ತೇ ವೈದ್ಯರಿಗೆ ತೋರಿಸಿ. ಅವರು ಅಲ್ಲಿಂದಲೇ ಹಿಂತಿರುಗಿ ಹೋದರು. ಕಣ್ಣು ಆಗಲೇ ಕೆಂಪಾಗಲು ಶುರುವಾಗಿತ್ತು. ವೈದ್ಯರು ಕೆಲವು ದಿನ ಹನಿಯನ್ನು ಹೆಚ್ಚು ಸಲ ಹಾಕಲು ಹೇಳಿದರು, ಉರಿಯೂತ ಹತೋಟಿಗೆ ಬಂತು. ಇನ್ನೂ ಎರಡು ವಾರ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು.

ಹಗ್ಗದ ಇನ್ನೊಂದು ತುದಿ

ಕಣ್ಣು ಕಾಣದವರ ಓಟದಲ್ಲಿ ಎಲ್ಲಕ್ಕಿಂತ ಕಷ್ಟಕ್ಕೆ ಸಿಗುವುದು ಜತೆ ಓಡುವವರು. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರ ಓಟ ನೋಡಿದವರಿಗೆ ಇದು ಗೊತ್ತಿರುತ್ತದೆ. ಹುಟ್ಟಿನಿಂದ ಅಂಧರಾದ ಅವರು ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. ಓಟದ ರುಚಿ ಹತ್ತಿದ್ದು ಚಿಕ್ಕಮಗಳೂರಿನ ಅಂಧ ಮಕ್ಕಳ ಶಾಲೆಯಲ್ಲಿ. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಚಿನ್ನ. 2023ರ ಅಕ್ಟೋಬರ್‌ನಲ್ಲಿ ಹ್ಯಾಂಗ್‌ಝೌನಲ್ಲಿ ಅದೇ ಓಟದಲ್ಲಿ ಮತ್ತೆ ಚಿನ್ನ. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ 1500 ಮೀಟರ್ ಟಿ11 ಓಟಕ್ಕೆ ಇಳಿದರು. ಫೈನಲ್ ತಲುಪಲಿಲ್ಲ. ಆದರೆ ಆ ಓಟದ ಗೆರೆಯಲ್ಲಿ ನಿಂತ ಮೊದಲ ಭಾರತೀಯ ಅಂಧ ಮಹಿಳೆ ಅವರೇ. ಪ್ಯಾರಿಸ್‌ನಲ್ಲಿ ಅವರ ಪಕ್ಕದಲ್ಲಿ ಓಡಿದವರು ತರಬೇತುದಾರರೂ ಆದ ಗೈಡ್ ರಾಹುಲ್ ಬಾಲಕೃಷ್ಣ.

ನಿಯಮ ಸರಳ. ಇಬ್ಬರ ಕೈಗಳ ನಡುವೆ ಹಿಗ್ಗದ ಒಂದು ಚಿಕ್ಕ ಹಗ್ಗ. ಗೈಡ್ ಎಳೆಯುವಂತಿಲ್ಲ, ತಳ್ಳುವಂತಿಲ್ಲ. ತಿರುವು, ದೂರ, ಪಕ್ಕದವರ ಸ್ಥಿತಿ ಎಲ್ಲವನ್ನೂ ಮಾತಿನಲ್ಲಿ ಹೇಳುತ್ತಾ ಓಡಬೇಕು. ಕೊನೆಯ ಗೆರೆಯನ್ನು ಓಟಗಾರರೇ ಮೊದಲು ದಾಟಬೇಕು. ಓಡುತ್ತಲೇ ಮಾತಾಡುವಷ್ಟು ಉಸಿರು ಉಳಿಯಬೇಕಾದರೆ ಗೈಡ್ ಓಟಗಾರರಿಗಿಂತ ವೇಗದವರಾಗಿರಬೇಕು. ಕೈಯ ಬೀಸು, ಹೆಜ್ಜೆಯ ಲಯ ಹೊಂದಲು ತಿಂಗಳುಗಟ್ಟಲೆ ಒಟ್ಟಿಗೆ ಓಡಬೇಕು. ಸಂಜೆ ಬಿಡುವಾದಾಗ ಬಂದು ಹೋಗುವ ಸ್ವಯಂಸೇವಕರಿಂದ ಆಗುವ ಕೆಲಸ ಇದಲ್ಲ.

ಹಗ್ಗದ ನಿಯಮ ಎಷ್ಟು ಕಟ್ಟುನಿಟ್ಟು ಎನ್ನುವುದಕ್ಕೆ ಪ್ಯಾರಿಸ್‌ನದೇ ಉದಾಹರಣೆಯಿದೆ. ಮಹಿಳೆಯರ ಟಿ12 ಮ್ಯಾರಥಾನ್‌ನಲ್ಲಿ ಸ್ಪೇನ್‌ನ ಎಲೆನಾ ಕಾಂಗೋಸ್ತ್ ಮೂರನೆಯವರಾಗಿ ಬರುತ್ತಿದ್ದರು. ಗೆರೆಗೆ ಕೆಲವೇ ಹೆಜ್ಜೆ ಇರುವಾಗ ಸ್ನಾಯು ಹಿಡಿದು ಗೈಡ್ ಕುಸಿಯತೊಡಗಿದರು. ಅವರನ್ನು ಹಿಡಿಯಲು ಎಲೆನಾ ಕ್ಷಣಕಾಲ ಹಗ್ಗ ಬಿಟ್ಟರು, ಅನರ್ಹರಾದರು. 42 ಕಿಲೋಮೀಟರ್ ಓಡಿದ್ದು ಎಲೆನಾ, ದಣಿದದ್ದು ಗೈಡ್‌ನ ಕಾಲು. ದೆಹಲಿಯ ಸುದ್ದಿಯೂ ಇದನ್ನೇ ಹೇಳುತ್ತದೆ: ಗೈಡ್‌ನ ದೇಹದಲ್ಲಿ ಏನಾದರೂ ಅದರ ಫಲ ಓಟಗಾರರಿಗೆ ತಟ್ಟುತ್ತದೆ.

ಆದ್ದರಿಂದ ಗೈಡ್ ಆಗಲು ಒಪ್ಪಿದವರನ್ನು ಮುಜುಗರವಿಲ್ಲದೆ ಕೇಳಿ: ನೀನು ಯಾವ ಔಷಧಿ ತೆಗೆದುಕೊಳ್ಳುತ್ತೀ? ಜಿಮ್‌ನಲ್ಲಿ ಕೊಟ್ಟ ಪುಡಿ, ಕ್ಯಾಪ್ಸೂಲ್ ಏನಾದರೂ ಇದೆಯೇ? ಇಂಥ ಪುಡಿಗಳಲ್ಲಿ ಲೇಬಲ್ ಮೇಲೆ ಇಲ್ಲದ ವಸ್ತುಗಳು ಬೆರೆತಿರುವ ಅಪಾಯವಿದೆ. ಬಿಪಿಗೆ ಕೊಡುವ ಕೆಲವು ಜೋಡಿ ಮಾತ್ರೆಗಳಲ್ಲಿ ಹೈಡ್ರೊಕ್ಲೋರೊಥಯಜೈಡ್ ಇರುತ್ತದೆ. ಅದೂ ಮೂತ್ರ ಹೆಚ್ಚಿಸುವ ಔಷಧಿ, ನಿಷೇಧಿತ ಪಟ್ಟಿಯದು. ಮೂಗು ಕಟ್ಟಿದಾಗ ಕೊಡುವ ಸೂಡೊಎಫೆಡ್ರಿನ್‌ಗೆ ಸ್ಪರ್ಧೆಯ ಸಮಯದಲ್ಲಿ ಮಿತಿಯಿದೆ. ‘ಗೊತ್ತಿರಲಿಲ್ಲ’ ಎನ್ನುವುದರಿಂದ ಹೊಣೆ ತಪ್ಪುವುದಿಲ್ಲ. ದೇಹದಲ್ಲಿ ಸಿಕ್ಕಿದ್ದಕ್ಕೆ ಆ ದೇಹದವರೇ ಉತ್ತರ ಕೊಡಬೇಕು.

ನಮ್ಮ ಹುಡುಗನ ಜತೆ ಓಡುವುದು ಅವನ ಸೋದರಮಾವನ ಮಗ. ಜಿಮ್‌ಗೆ ಹೋಗುವ ಹುಡುಗ. ಅವನನ್ನೂ ಕೌಂಟರ್‌ಗೆ ಕರೆಸಿದೆ. ಬ್ಯಾಗಿನಿಂದ ಎರಡು ಡಬ್ಬಿ ಹೊರತೆಗೆದ. ಒಂದರ ಮೇಲೆ ತಯಾರಕರ ವಿಳಾಸವೇ ಇರಲಿಲ್ಲ. ಅದನ್ನು ಬಿಡಲು ಒಪ್ಪಿದ.

ವಿಕಲಚೇತನ ಕಾರ್ಡ್ ಬೇರೆ, ಕ್ರೀಡಾ ವರ್ಗ ಬೇರೆ

ಅನೇಕ ಕುಟುಂಬಗಳಿಗೆ ಆಘಾತವಾಗುವುದು ಇಲ್ಲಿ. ಯುಡಿಐಡಿ ಕಾರ್ಡ್ ಇದೆ ಎಂದ ಮಾತ್ರಕ್ಕೆ ಪ್ಯಾರಾ ಅಥ್ಲೆಟಿಕ್ಸ್‌ಗೆ ಅರ್ಹತೆ ಸಿಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿಯ ವ್ಯಾಖ್ಯೆ 6/18ರಿಂದ ಶುರುವಾಗುತ್ತದೆ. ಕ್ರೀಡೆಯಲ್ಲಿ ಅದು ಶುರುವಾಗುವುದೇ 6/60ರಿಂದ. 6/60 ಎಂದರೆ ಬೇರೆಯವರಿಗೆ 60 ಮೀಟರ್ ದೂರದಿಂದ ಕಾಣುವ ಅಕ್ಷರ ಇವರಿಗೆ 6 ಮೀಟರ್‌ಗೆ ಬಂದಾಗ ಕಾಣುವುದು. ಕನ್ನಡಕ ಹಾಕಿ, ಚೆನ್ನಾಗಿರುವ ಕಣ್ಣಿನ ಲೆಕ್ಕ ಹಿಡಿಯಬೇಕು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಅರ್ಹತೆಯಿಲ್ಲ.

ಓಟದಲ್ಲಿ ಮೂರು ವರ್ಗಗಳಿವೆ:

• ಟಿ11: ಬೆಳಕಿನ ಅರಿವು ಮಾತ್ರ ಇರುವವರು, ಅದೂ ಇಲ್ಲದವರು, ಅಥವಾ ಅದಕ್ಕೆ ಹತ್ತಿರದ ಸ್ಥಿತಿಯವರು. ಗೈಡ್ ಕಡ್ಡಾಯ, ಎಲ್ಲರಿಗೂ ಕಣ್ಣಪಟ್ಟಿ ಕಡ್ಡಾಯ.

• ಟಿ12: ನೋಟ 6/60ಕ್ಕಿಂತ ಬಹಳ ಕಡಿಮೆ, ಅಥವಾ ನೋಟದ ವ್ಯಾಪ್ತಿ 10 ಡಿಗ್ರಿಗಿಂತ ಕಿರಿದು. ಗೈಡ್ ಬೇಕೋ ಬೇಡವೋ ಓಟಗಾರರ ಆಯ್ಕೆ.

• ಟಿ13: ನೋಟ 6/60 ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ, ಅಥವಾ ವ್ಯಾಪ್ತಿ 40 ಡಿಗ್ರಿಗಿಂತ ಕಿರಿದು. ಗೈಡ್ ಇರುವುದಿಲ್ಲ.

ಎಸೆತದ ಆಟಗಳಲ್ಲಿ ಇವೇ ವರ್ಗಗಳಿಗೆ ಎಫ್11, ಎಫ್12, ಎಫ್13 ಎನ್ನುತ್ತಾರೆ. ಉದ್ದ ಜಿಗಿತದಲ್ಲಿ ಗೈಡ್ ಬದಲು ಚಪ್ಪಾಳೆ ತಟ್ಟಿ, ಕೂಗಿ ದಿಕ್ಕು ಹೇಳುವವರು ಇರುತ್ತಾರೆ. ವರ್ಗ ನಿರ್ಧರಿಸುವುದು ನಿಮ್ಮ ವೈದ್ಯರಲ್ಲ, ಕ್ರೀಡಾಸಂಸ್ಥೆ ನೇಮಿಸಿದ ವರ್ಗೀಕರಣಕಾರರು. ಆದರೆ ಅವರ ಮುಂದೆ ಇಡಬೇಕಾದ ವರದಿ ನಿಮ್ಮ ಕಣ್ಣಿನ ವೈದ್ಯರದು. ಗ್ಲುಕೋಮಾ, ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರು ಫೀಲ್ಡ್ ಟೆಸ್ಟ್‌ನ ಮುದ್ರಿತ ಪ್ರತಿಯನ್ನು ಕಳೆದುಕೊಳ್ಳಬೇಡಿ. ಅಕ್ಷರ ಓದುವ ಪರೀಕ್ಷೆಯಲ್ಲಿ ‘ಚೆನ್ನಾಗಿದೆ’ ಎನಿಸಿಕೊಂಡವರಿಗೂ ಆ ಒಂದು ಕಾಗದದಿಂದ ಅರ್ಹತೆ ಸಿಗಬಹುದು.

ಅರ್ಹತೆ ಸಿಗದಿದ್ದರೆ ಓಟ ಮುಗಿಯಿತು ಎಂದಲ್ಲ. ಶಿಕ್ಷಣ ಸಂಸ್ಥೆಗಳು ವಿಕಲಚೇತನ ಮಕ್ಕಳಿಗೆ ಕ್ರೀಡೆ, ಮನರಂಜನೆಯಲ್ಲಿ ಇತರರ ಸಮಾನ ಅವಕಾಶ ಕೊಡಬೇಕು ಎಂದು ಅದೇ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ‘ಬಿದ್ದರೆ ನಮ್ಮ ಮೇಲೆ ಬರುತ್ತದೆ, ಕೂತು ನೋಡಲಿ’ ಎಂದು ಶಾಲೆಯವರು ಹೇಳಿದರೆ, ಜಗಳಕ್ಕೆ ಹೋಗದೆ ವೈದ್ಯರ ಒಂದು ಪತ್ರದ ಜತೆ ಈ ಸೆಕ್ಷನ್‌ನ ಸಂಖ್ಯೆ ಬರೆದುಕೊಡಿ.

ಕಣ್ಣಿಗೆ ಓಟದಿಂದ ತೊಂದರೆಯೇ?

ಬಹಳಷ್ಟು ಜನರಿಗೆ ಇಲ್ಲ. ನಡಿಗೆ, ಓಟದಂಥ ವ್ಯಾಯಾಮದಿಂದ ಕಣ್ಣಿನ ಒತ್ತಡ ಸಾಮಾನ್ಯವಾಗಿ ಸ್ವಲ್ಪ ಇಳಿಯುತ್ತದೆ. ಗ್ಲುಕೋಮಾದವರು ಹುಷಾರಾಗಿರಬೇಕಾದದ್ದು ಶೀರ್ಷಾಸನದಂಥ ತಲೆಕೆಳಗಾದ ಭಂಗಿಗಳು ಮತ್ತು ಉಸಿರು ಬಿಗಿಹಿಡಿದು ಭಾರ ಎತ್ತುವುದರ ವಿಷಯದಲ್ಲಿ. ಆಗ ಒತ್ತಡ ಏರುತ್ತದೆ.

ಇವರು ಮಾತ್ರ ವೈದ್ಯರನ್ನು ಕೇಳದೆ ಶುರುಮಾಡಬಾರದು: ಮಧುಮೇಹದಿಂದ ಅಕ್ಷಿಪಟಲದಲ್ಲಿ ಹೊಸ ರಕ್ತನಾಳ ಬೆಳೆದವರು ಅಥವಾ ಕಣ್ಣೊಳಗೆ ರಕ್ತ ಸೋರಿದವರು, ಬಹಳ ಹೆಚ್ಚಿನ ಮೈನಸ್ ಪವರ್ ಇರುವವರು, ಅಕ್ಷಿಪಟಲ ಕಳಚಿ ಚಿಕಿತ್ಸೆ ಪಡೆದವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು. ‘ಓಡಬಹುದೇ’ ಎಂದಷ್ಟೇ ಕೇಳಬೇಡಿ. ‘ಓಟ, ಜಿಗಿತ, ಭಾರ ಎತ್ತುವುದು, ಇವುಗಳಲ್ಲಿ ಯಾವುದು ಸರಿ, ಯಾವುದು ಬೇಡ, ಎಂದಿನಿಂದ ಶುರುಮಾಡಬಹುದು’ ಎಂದು ಬಿಡಿಸಿ ಕೇಳಿ.

ಓಡುವಾಗ ಅಥವಾ ಓಡಿದ ಮೇಲೆ ಕಣ್ಣ ಮುಂದೆ ಮಿಂಚು ಹೊಳೆದರೆ, ಕಪ್ಪು ಚುಕ್ಕೆಗಳು ಒಮ್ಮೆಗೇ ಹೆಚ್ಚಿದರೆ, ಪರದೆ ಇಳಿದಂತಾದರೆ, ಇರುವ ನೋಟ ಮತ್ತಷ್ಟು ಮಸುಕಾದರೆ, ಕಣ್ಣು ನೋವಿನಿಂದ ಕೆಂಪಾದರೆ ಓಟ ನಿಲ್ಲಿಸಿ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ. ‘ಹೇಗೂ ಕಾಣುವುದಿಲ್ಲವಲ್ಲ’ ಎಂದು ಬಿಡಬೇಡಿ. ಉಳಿದ ಚೂರು ನೋಟಕ್ಕೇ ಬೆಲೆ ಹೆಚ್ಚು.

ಓಟದ ದಿನ ಔಷಧಿ

ಟಿಮೊಲಾಲ್ ಹನಿ ಕಣ್ಣಿಗೇ ಹಾಕಿದರೂ ಸ್ವಲ್ಪ ಭಾಗ ಮೂಗಿನ ಮೂಲಕ ರಕ್ತಕ್ಕೆ ಸೇರುತ್ತದೆ. ನಾಡಿ ನಿಧಾನವಾಗಬಹುದು, ಓಡುವಾಗ ಬೇಗ ದಣಿವಾಗಬಹುದು. ಆಸ್ತಮಾ ಇರುವವರಿಗೆ ಉಬ್ಬಸ ಕೆರಳಬಹುದು. ಆಸ್ತಮಾ ಇದ್ದೂ ಈ ಹನಿ ಚೀಟಿಯಲ್ಲಿದ್ದರೆ ಇಂದೇ ವೈದ್ಯರಿಗೆ ತಿಳಿಸಿ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕೈಗಡಿಯಾರದಲ್ಲಿ ನಾಡಿ ನೋಡಿ ತರಬೇತಿ ಕೊಡುವವರಿಗೆ ಈ ಹನಿಯ ವಿಷಯ ಹೇಳಿ. ಇಲ್ಲದಿದ್ದರೆ ‘ಹುಡುಗ ಮೈಬಗ್ಗಿಸಿ ಓಡುತ್ತಿಲ್ಲ’ ಎಂಬ ಮಾತು ಬರುತ್ತದೆ.

ಅಸೆಟಜೋಲಮೈಡ್ ದೇಹದಿಂದ ನೀರು ಮತ್ತು ಪೊಟ್ಯಾಸಿಯಂ ಹೊರಹಾಕುತ್ತದೆ. ಬೆರಳು ಜುಮ್ಮೆನ್ನುವುದು ಸಾಮಾನ್ಯ. ಮುಂಬೈಯ ಅಕ್ಟೋಬರ್ ಸೆಖೆಯಲ್ಲಿ ಬೆವರೂ ಸೇರಿದರೆ ತಲೆಸುತ್ತು ಬರಬಹುದು. ಬೆಳಗಿನ ತಂಪಿನಲ್ಲಿ ಓಡಿಸಿ, ನೀರು ಜತೆಗಿಡಿ. ಕಿಡ್ನಿ ಕಲ್ಲಿನ ತೊಂದರೆ ಇದ್ದರೆ ಮೊದಲೇ ಹೇಳಿ. ಇನ್ಸುಲಿನ್ ತೆಗೆದುಕೊಳ್ಳುವವರ ಜತೆ ಓಡುವ ಗೈಡ್‌ಗೆ ಸಕ್ಕರೆ ಇಳಿದಾಗಿನ ಲಕ್ಷಣ ಗೊತ್ತಿರಲಿ, ಜೇಬಿನಲ್ಲಿ ಗ್ಲೂಕೋಸ್ ಇರಲಿ.

ಈ ವಾರ ಮಾಡಬಹುದಾದದ್ದು

ಓಡುವವರದು ಒಂದು, ಗೈಡ್‌ನದು ಒಂದು, ಎರಡು ಕಾಗದ ತೆಗೆದುಕೊಳ್ಳಿ. ಮಾತ್ರೆ, ಹನಿ, ಇನ್‌ಹೇಲರ್, ಪುಡಿ, ನಾಟಿ ಔಷಧಿ ಎಲ್ಲವನ್ನೂ ಬರೆಯಿರಿ. ನಿಮ್ಮ ಔಷಧಿ ಅಂಗಡಿಯ ಫಾರ್ಮಾಸಿಸ್ಟ್ ಮುಂದೆ ಇಡಿ, ಆಮೇಲೆ ವೈದ್ಯರ ಮುಂದೆ ಇಡಿ. ಯಾವುದನ್ನೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಆ ತಾಯಿ ಮುಂದಿನ ತಿಂಗಳು ಮತ್ತೆ ಬಂದರು. ಈ ಸಲ ಕೈಯಲ್ಲಿ ಎರಡು ಕಾಗದ ಇತ್ತು. ಮೂರು ಔಷಧಿಯನ್ನೂ ತೆಗೆದುಕೊಂಡರು. ಹುಡುಗ ಬಾಗಿಲ ಹತ್ತಿರ ನಿಂತಿದ್ದ, ಪಕ್ಕದಲ್ಲಿ ಮಾವನ ಮಗ. ಇಬ್ಬರ ಬೂಟಿಗೂ ಮೈದಾನದ ಕೆಂಪು ಮಣ್ಣು ಮೆತ್ತಿತ್ತು.